ಲೇಟಾಗಿ ಬಂದವರ ಬೋರ್ಡು

ನಾನು ಹುಟ್ಟಾ ಶಿಸ್ತಿನ ಮನುಷ್ಯ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದಕ್ಕೆ ಕಾರಣ, ಇದುವರೆಗೆ ಬೇರೆ ಯಾರೂ ಹೇಳದೆ ಇರುವುದು. ಆದರೆ ಒಂದು ಕಾಲದಲ್ಲಿ ಇದಕ್ಕೆ ಸಾಕ್ಷಿ ನಮ್ಮ ಮನೆಯ ಗೋಡೆಯ ಮೇಲೆ ನೇತಾಡುತ್ತಿತ್ತು. ಗಂಟೆ ಬಡಿಯುವ ಗಡಿಯಾರ!

ಅದು ನಾನು ಕೊಂಡದ್ದಲ್ಲ, ಗೆದ್ದದ್ದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಪೀಣ್ಯದಲ್ಲಿ ನೀರೆತ್ತುವ ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಡ್ರಿಲ್ಲಿಂಗ್ ಮಿಷನ್ ಮುಂದೆ ನಿಂತು ಕಬ್ಬಿಣಕ್ಕೆ ತೂತು ಕೊರೆಯುತ್ತಿದ್ದೆ. ರಾಜಗೋಪಾಲನಗರದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಲಲಿತ. ಕಾರ್ಖಾನೆಯ ಗೇಟಿನ ಹತ್ತಿರ ಸಲಹಾ ಪೆಟ್ಟಿಗೆ ಎಂದೊಂದು ಪೆಟ್ಟಿಗೆ ಇತ್ತು. ಅದರೊಳಗೆ ಜೇಡ ಬಿಟ್ಟರೆ ಇನ್ನಾರೂ ಕೈಹಾಕಿರಲಿಲ್ಲ. ನಾನು ಒಂದು ಚೀಟಿ ಹಾಕಿದೆ: ‘ಬೆಳಗ್ಗೆ ಆರೂ ಮುಕ್ಕಾಲಿಗೆ ಒಂದು ಸೈರನ್ನು, ಏಳಕ್ಕೆ ಇನ್ನೊಂದು. ಒಂದೇ ಕಾರ್ಖಾನೆ ಎರಡು ಸಲ ಕಿರುಚುವುದೇಕೆ? ಏಳರದ್ದು ಸಾಕು. ಕರೆಂಟೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ.’

ಮ್ಯಾನೇಜರ್ ಸಾಹೇಬರಿಗೆ ಈ ಸಲಹೆ ಬಹಳ ಹಿಡಿಸಿತು. ಆರೂ ಮುಕ್ಕಾಲರ ಸೈರನ್ನು ನಿಂತಿತು. ಆಯುಧಪೂಜೆಯ ದಿನ ಬೂದುಗುಂಬಳಕಾಯಿ ಒಡೆಯುವ ಮೊದಲು ನನ್ನನ್ನು ಕರೆದು, ಎಲ್ಲರ ಎದುರು ‘ಒಳ್ಳೆಯ ಸಲಹೆ’ ಎಂದಷ್ಟೇ ಹೇಳಿ, ಯಾವ ಸಲಹೆ ಎಂದು ಹೇಳದೆ ಗಡಿಯಾರ ಕೊಟ್ಟರು. ಕೆಲವೇ ತಿಂಗಳಲ್ಲಿ ಸೂಪರ್‌ವೈಸರ್ ಕೂಡ ಮಾಡಿದರು. ಆರು ತಿಂಗಳ ಪ್ರೊಬೇಷನ್ನು. ಪಾಸಾದರೆ ಕುರ್ಚಿ, ಫೇಲಾದರೆ ವಾಪಸ್ಸು ಡ್ರಿಲ್ಲಿಂಗ್ ಮಿಷನ್ನು.

ಲಲಿತ ಆಗಲೇ ತವರಿಗೆ ಕಾಗದ ಬರೆದು ‘ನಮ್ಮವರು ಸೂಪರ್‌ವೈಸರ್ ಆದರು’ ಎಂದು ತಿಳಿಸಿಬಿಟ್ಟಿದ್ದಳು. ಪ್ರೊಬೇಷನ್ ಎಂಬ ಪದವನ್ನು ಕಾಗದದಲ್ಲಿ ಜಾಗ ಸಾಲದೆ ಬಿಟ್ಟಳಂತೆ. ಹಾಗಾಗಿ ನಾನು ಫೇಲಾಗುವ ಪ್ರಶ್ನೆಯೇ ಇರಲಿಲ್ಲ. ಅಡ್ಡಿಯಾದದ್ದು ಒಂದೇ ಒಂದು ವಿಷಯ. ನನ್ನ ಸೆಕ್ಷನ್ನಿನ ಆರು ಜನ ಪ್ರತಿದಿನ ಹತ್ತು ನಿಮಿಷ ಲೇಟಾಗಿ ಬರುತ್ತಿದ್ದರು.

ಆರು ಜನರೂ ಒಂದೇ ಊರಿನವರು. ಊರೂ ದೂರದ್ದಲ್ಲ, ಕಾರ್ಖಾನೆಯ ಹಿಂದಿನ ಗೋಡೆಗೆ ಅಂಟಿಕೊಂಡಿದ್ದ ಹಳ್ಳಿ. ಕಾರ್ಖಾನೆ ನಿಂತ ನೆಲ ಒಂದು ಕಾಲಕ್ಕೆ ಅವರದ್ದೇ ರಾಗಿ ಹೊಲ. ಹೊಲ ಹೋಯಿತು, ಬದಲಿಗೆ ಮನೆಗೊಂದು ಕೆಲಸ ಸಿಕ್ಕಿತು. ಆರು ಜನರಿಗೆ ಮುಖಂಡ ಗಂಗಹನುಮಯ್ಯ. ನನಗಿಂತ ಹತ್ತು ವರ್ಷ ದೊಡ್ಡವನು, ಲೇತ್ ಮೇಲೆ ಕೈ ಇಟ್ಟರೆ ಕೂದಲೆಳೆಯಷ್ಟೂ ತಪ್ಪು ಮಾಡದವನು. ಮಲ್ಲೇಶ್ವರ, ಯಶವಂತಪುರದಿಂದ ಬರುವವರೆಲ್ಲ ಆರೂ ನಲವತ್ತಕ್ಕೇ ಬಸ್ಸಿಳಿದು ಬೀಡಿ ಸೇದುತ್ತಾ ನಿಂತಿರುತ್ತಿದ್ದರು. ಗೋಡೆಯ ಹಿಂದೆ ಮಲಗಿದ್ದವನು ಲೇಟು!

“ಯಾಕಪ್ಪಾ ಲೇಟು?” ಎಂದು ಗದರಿಸಿದೆ.

“ಎಲ್ಲಿ ಲೇಟು ಸಾ? ಕೂಗಿದ್ ತಕ್ಸಣ ಒಂಟ್ಬಿಟ್ಟೆ” ಎಂದ ಗಂಗಹನುಮಯ್ಯ.

“ಎದುರು ಮಾತಾಡ್ಬೇಡ!” ಎಂದೆ. ಎದುರು ಮಾತಿಗೆ ಉತ್ತರ ತೋಚದಾಗ ಸೂಪರ್‌ವೈಸರ್ ಆದವನು ಹೇಳಬೇಕಾದ ಮಾತು ಅದು. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, “ನೋಡ್ರೀ, ಪ್ರೊಬೇಷನ್ ಮುಗಿಯಕ್ಕೆ ಎರಡೇ ತಿಂಗಳಿದೆ. ಲಾಸ್ಟ್ ಡೇಟ್‌ಗೆ ನಿಮ್ಮ ಸೆಕ್ಷನ್‌ನಲ್ಲಿ ಒಬ್ಬನೇ ಒಬ್ಬ ಲೇಟ್ ಇರಬಾರದು. ನಾನೇ ಗೇಟಲ್ಲಿ ನಿಂತು ನೋಡ್ತೀನಿ” ಎಂದರು. ಜೊತೆಗೆ ಪಾಪ, ಸಹಾಯವಾಗಲಿ ಎಂದು ನನ್ನನ್ನು ಎರಡು ದಿನದ ತರಬೇತಿಗೂ ಕಳಿಸಿದರು.

ತರಬೇತಿ ಕೊಟ್ಟವರು ಮನಃಶಾಸ್ತ್ರದ ಒಬ್ಬ ಪ್ರೊಫೆಸರು. ಪಾರಿವಾಳವನ್ನು ಪೆಟ್ಟಿಗೆಯಲ್ಲಿ ಕೂಡಿ ಕಾಳು ಹಾಕುತ್ತಾ ಬುದ್ಧಿ ಕಲಿಸುವ ವಿಧಾನದಿಂದ ಶುರು ಮಾಡಿ ಶಿಕ್ಷೆಗೆ ಬಂದರು. ಶಿಕ್ಷೆಯಲ್ಲಿ ಎರಡು ಬಗೆ. ಪಾಸಿಟಿವ್ ಶಿಕ್ಷೆ, ನೆಗೆಟಿವ್ ಶಿಕ್ಷೆ. “ಒಳ್ಳೇ ಶಿಕ್ಷೆ, ಕೆಟ್ಟ ಶಿಕ್ಷೆ ಅಂತ ತಿಳ್ಕೋಬೇಡಿ. ಇದು ಲೆಕ್ಕದ ಕೂಡು, ಕಳೆ ಇದ್ದ ಹಾಗೆ. ತಪ್ಪು ಮಾಡಿದವನಿಗೆ ಬೇಡದ್ದೊಂದನ್ನು ಸೇರಿಸಿದರೆ ಪಾಸಿಟಿವ್. ಅವನಿಗೆ ಬೇಕಾದ್ದೊಂದನ್ನು ಕಿತ್ತುಕೊಂಡರೆ ನೆಗೆಟಿವ್” ಎಂದರು. ನನಗೆ ಮೈ ಜುಂ ಎಂದಿತು. ಇಷ್ಟು ದಿನ ಸುಮ್ಮನೆ ಬೈದು ಗಂಟಲು ಹಾಳುಮಾಡಿಕೊಂಡಿದ್ದೆನಲ್ಲ! ಎರಡನೆಯ ದಿನ ಮಧ್ಯಾಹ್ನ ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಮೂರು ತಿಂದೆ. ಆಮೇಲಿನ ಪಾಠ ನಡೆಯಿತೆಂದು ಕೇಳಿದ್ದೇನೆ. ಎಚ್ಚರವಾದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿದೆ.

ಮೂರು ಹಾಳೆ ಸೈಕ್ಲೋಸ್ಟೈಲ್ ಮಾಡಿದ ಟಿಪ್ಪಣಿ ಕೊಟ್ಟರು. ಮನೆಗೆ ಬಂದು ಲಲಿತೆಗೆ ಶಾಸ್ತ್ರವನ್ನು ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

“ನಿಮ್ಮ ಮೇಲೆ ಕೋಪ ಬಂದಾಗ ಸಾರಿಗೆ ಉಪ್ಪು ಜಾಸ್ತಿ ಹಾಕ್ತೀನಲ್ಲ, ಅದೇನ್ರೀ?”

“ಸೇರಿಸಿದೆಯಲ್ಲ, ಪಾಸಿಟಿವ್.”

“ಉಪ್ಪೇ ಹಾಕ್ದೆ ಬಿಟ್ರೆ?”

“ನೆಗೆಟಿವ್.”

“ಹಾಗಾದ್ರೆ ಬಿಡಿ, ಈ ಶಾಸ್ತ್ರ ನಂಗೆ ಮದುವೆ ಆದಾಗಿಂದ ಗೊತ್ತು” ಎಂದು ಟಿಪ್ಪಣಿಯ ಮೂರನೆಯ ಹಾಳೆಯನ್ನು ಎತ್ತಿಕೊಂಡು ಹೋಗಿ ಉಪ್ಪಿನಕಾಯಿ ಭರಣಿಯ ಅಡಿಗೆ ಹಾಸಿದಳು. ಆ ಹಾಳೆಯನ್ನು ನಾನಿನ್ನೂ ಓದಿರಲಿಲ್ಲ. ಎರಡು ಹಾಳೆಯ ವಿದ್ಯೆಯೇ ಧಾರಾಳವಾಗಿದೆ ಎನಿಸಿತ್ತು.

ಮೊದಲ ಪ್ರಯೋಗ ಪಾಸಿಟಿವ್. ಕೆಲಸಗಾರನಿಗೆ ಬೇಡವಾದದ್ದು ಯಾವುದು? ಅವಮಾನ! ಗೇಟಿನ ಒಳಗೆ ಒಂದು ಕಪ್ಪು ಬೋರ್ಡು ನಿಲ್ಲಿಸಿ, ‘ಈ ದಿನ ಲೇಟಾಗಿ ಬಂದವರು’ ಎಂದು ಮೇಲೆ ಬರೆದು, ಕೆಳಗೆ ಆರು ಹೆಸರನ್ನೂ ಬರೆದೆ. ನನ್ನ ಅಕ್ಷರ ಅಷ್ಟಕ್ಕಷ್ಟೇ, ಆದರೂ ಗಂಗಹನುಮಯ್ಯನ ಹೆಸರನ್ನು ಮಾತ್ರ ಎಲ್ಲರಿಗೂ ಕಾಣಲೆಂದು ದಪ್ಪ ಮಾಡಿದೆ.

ಅವನು ಬೋರ್ಡಿನ ಮುಂದೆ ನಿಂತ. ಬಹಳ ಹೊತ್ತು ನಿಂತ. ಕಣ್ಣಲ್ಲಿ ನೀರಾಡಿತು. ಆಹಾ, ಶಿಕ್ಷೆ ನಾಟಿತು ಎಂದುಕೊಂಡೆ. ಆ ಭಾನುವಾರ ವಾಚ್‌ಮನ್ ನನ್ನ ಮನೆಗೇ ಓಡಿಬಂದ. “ಸಾರ್, ಗಂಗಹನುಮಯ್ಯ ಸಂಸಾರ ಕರ್ಕೊಂಡ್ ಬಂದು ಗೇಟಲ್ಲಿ ನಿಂತವ್ನೆ. ಬೋರ್ಡು ತೋರಿಸ್ಬೇಕಂತೆ!” ಹೋಗಿ ನೋಡಿದರೆ ಅವನ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಒಗೆದ ಬಟ್ಟೆ ಉಟ್ಟು ನಿಂತಿದ್ದಾರೆ. ಮುದುಕಿ ಬೋರ್ಡಿಗೆ ಕೈಮುಗಿಯುತ್ತಿದ್ದಾಳೆ.

“ಸಾ, ಈ ನೆಲದಾಗೆ ನಮ್ಮಪ್ಪನ ಎಸ್ರು ಪಾಣಿ ಪತ್ರದಾಗಿತ್ತು. ಓಲ ಓದ್ ಮ್ಯಾಕೆ ನಮ್ಮ ಎಸ್ರು ಇಲ್ಲೆಲ್ಲೂ ಇರ್ಲಿಲ್ಲ. ನೀವು ಬರ್ಸಿದ್ರಿ” ಎಂದ ಗಂಗಹನುಮಯ್ಯ. ಆಮೇಲೆ ಬೋರ್ಡಿನ ಅಂಚು ಮುಟ್ಟಿ, “ಒಂದಿಷ್ಟು ಜಾಗ ಐತಲ್ಲ, ನಮ್ಮಪ್ಪನ ಎಸ್ರೂ ಸೇರ್ಸಿ ಸಾ” ಎಂದ.

ನಾನೇನು ಕಟುಕನೇ? ಸೇರಿಸಿದೆ. ಸೋಮವಾರ ಅವನು ಹದಿನೈದು ನಿಮಿಷ ಲೇಟಾಗಿ ಬಂದ.

ಎರಡನೆಯ ಪ್ರಯೋಗವೂ ಪಾಸಿಟಿವ್, ಆದರೆ ಡೋಸು ಜಾಸ್ತಿ. ಗೇಟಿನ ಪಕ್ಕದಲ್ಲಿ ಕಲ್ಲು ಮುಳ್ಳು ತುಂಬಿದ ಒಂದು ಬೀಳು ಜಾಗವಿತ್ತು. ಲೇಟಾಗಿ ಬಂದವರು ಅರ್ಧ ಗಂಟೆ ಅಲ್ಲಿ ಬಿಸಿಲಲ್ಲಿ ಅಗೆಯಬೇಕು ಎಂದು ನೋಟಿಸು ಹಚ್ಚಿದೆ. ಗಂಗಹನುಮಯ್ಯ ನೋಟಿಸು ಓದಿ, “ಗುದ್ಲಿ ಫ್ಯಾಕ್ಟ್ರೀದೋ, ನಮ್ದೇ ತರ್ಬೇಕೋ?” ಎಂದು ಮಾತ್ರ ಕೇಳಿದ. ಮಾರನೆಯ ದಿನ ಆರು ಜನರೂ ತಮ್ಮ ಗುದ್ದಲಿ ಹೆಗಲ ಮೇಲೆ ಇಟ್ಟುಕೊಂಡೇ ಲೇಟಾಗಿ ಬಂದರು.

ಒಂದು ವಾರದಲ್ಲಿ ಕಲ್ಲು ಹೋಯಿತು. ಎರಡನೆಯ ವಾರ ಪಾತಿ ಆಯಿತು. ಮೂರನೆಯ ವಾರ ಕೊತ್ತಂಬರಿ ಮೊಳೆಯಿತು, ದಂಟಿನ ಸೊಪ್ಪು ತಲೆಯೆತ್ತಿತು, ಬೇಲಿಯ ಬುಡದಲ್ಲಿ ಅವರೆ ಕುಡಿಯೊಡೆಯಿತು! ಆರು ಜನ ಅಲ್ಲಿ ಹಾಡು ಹೇಳುತ್ತಾ ಅಗೆಯುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ನಾನೇ ಹೋಗಿ, “ಸಾಕು ಬನ್ರಪ್ಪಾ, ಶಿಕ್ಷೆ ಮುಗೀತು” ಎಂದು ಅಂಗಲಾಚಬೇಕು. “ಇನ್ನೊಂದೆಲ್ಡು ಪಾತಿ ಐತೆ ಸಾ” ಎನ್ನುತ್ತಿದ್ದರು. ಶೆಡ್ಡಿನೊಳಗೆ ಎಣ್ಣೆಯ ವಾಸನೆ, ಮಿಷನ್ನಿನ ಗಲಾಟೆ. ಹೊರಗೆ ಎಳೆ ಬಿಸಿಲು, ಒದ್ದೆ ಮಣ್ಣು. ಮಲ್ಲೇಶ್ವರದಿಂದ ಬರುವ ಸುಂದರೇಶ, ಆರು ವರ್ಷದಲ್ಲಿ ಒಂದು ದಿನವೂ ಲೇಟಾಗದವನು, ಬಸ್ಸಿಳಿದು ಗೇಟಿನ ಹೊರಗೇ ನಿಂತು ಏಳು ಗಂಟೆ ಆಗುವುದನ್ನು ಕಾಯತೊಡಗಿದ.

“ಒಳಗೆ ಬಾರಯ್ಯಾ!” ಎಂದೆ.

“ಇನ್ನೂ ಲೇಟಾಗಿಲ್ಲ ಸಾರ್, ಐದು ನಿಮಿಷ ಇರಿ” ಎಂದ!

ಪಾತಿಯ ಸೊಪ್ಪು ಕೊಯ್ಲಿಗೆ ಬರುವ ಹೊತ್ತಿಗೆ ನನಗೆ ಇನ್ನುಳಿದದ್ದು ನೆಗೆಟಿವ್. ಹತ್ತು ಗಂಟೆಗೆ ಕ್ಯಾಂಟೀನಿನಿಂದ ಚಹಾ ಬರುತ್ತಿತ್ತು. ಲೇಟಾದವರಿಗೆ ಚಹಾ ಕಟ್! ಇದರಲ್ಲಿ ನಾನು ಲೆಕ್ಕ ಹಾಕದೆ ಬಿಟ್ಟದ್ದು ನಮ್ಮ ಕ್ಯಾಂಟೀನಿನ ಚಹಾದ ಗುಣ. ಅದನ್ನು ಕುಡಿಯುವುದು ಶಿಕ್ಷೆಯೋ ಬಿಡುವುದು ಶಿಕ್ಷೆಯೋ ಎಂಬ ಚರ್ಚೆ ಕಾರ್ಖಾನೆಯಲ್ಲಿ ಮೊದಲಿನಿಂದಲೂ ಇತ್ತು. ಚಹಾ ತಪ್ಪಿದ ದಿನವೇ ಹತ್ತು ಗಂಟೆಗೆ ಹಿಂದಿನ ಗೋಡೆಯ ಮೇಲೆ ಒಂದು ದೊಡ್ಡ ಪಾತ್ರೆ ಮೂಡಿತು, ಅದರ ಹಿಂದೆ ಗಂಗಹನುಮಯ್ಯನ ಹೆಂಡತಿಯ ಮುಖ ಮೂಡಿತು. ಒಗ್ಗರಣೆ ಹಾಕಿದ ಮಜ್ಜಿಗೆ, ಜೊತೆಗೆ ನಮ್ಮದೇ ಪಾತಿಯ ಕೊತ್ತಂಬರಿ! “ಟೀ ಕೊಡಾಕಿಲ್ವಂತೆ ಕಣಮ್ಮಿ” ಎಂದು ಗಂಡ ಹೇಳಿದ್ದನಂತೆ. ಲೇಟಾದವರೆಲ್ಲ ಮಜ್ಜಿಗೆ ಕುಡಿದರು. ಹೊತ್ತಿಗೆ ಸರಿಯಾಗಿ ಬಂದವರು ಚಹಾ ಕುಡಿಯುತ್ತಾ ಅವರನ್ನೇ ನೋಡಿದರು. ನನಗೂ ಒಂದು ಲೋಟ ಬಂತು. ಸತ್ಯ ಹೇಳುತ್ತೇನೆ, ಅಂಥ ಮಜ್ಜಿಗೆ ನಾನು ಕುಡಿದಿರಲಿಲ್ಲ.

ಮಾರನೆಯ ದಿನ ಬೋರ್ಡಿನಲ್ಲಿ ಹೆಸರು ಬರೆಯಲು ಜಾಗ ಸಾಲಲಿಲ್ಲ. ಆರು ಜನ ಇದ್ದದ್ದು ಹತ್ತೊಂಬತ್ತು ಆಗಿತ್ತು!

ಮ್ಯಾನೇಜರ್ ಸಾಹೇಬರು ಕರೆದರು. ಮೇಜಿನ ಮೇಲೆ ಒಂದು ಕಂತೆ ದಂಟಿನ ಸೊಪ್ಪು ಇತ್ತು. ಗಂಗಹನುಮಯ್ಯ ಸಾಹೇಬರ ಮನೆಗೂ ಕೊಟ್ಟು ಬಂದಿದ್ದ. “ಸೊಪ್ಪು ಚೆನ್ನಾಗಿದೆ. ಆದ್ರೆ ನಾವು ಇಲ್ಲಿ ಪಂಪ್ ಮಾಡೋದು ಅಲ್ವೇನ್ರೀ?” ಎಂದರು. “ಹೌದು ಸಾರ್” ಎಂದೆ. “ಇನ್ನು ಹನ್ನೊಂದು ದಿನ. ಡ್ರಿಲ್ಲಿಂಗ್ ಮಿಷನ್ ಹಾಗೇ ಇದೆ, ಬೇರೆಯವರಿಗೆ ಕೊಟ್ಟಿಲ್ಲ” ಎಂದರು.

ಮನೆಗೆ ಬಂದು ಊಟ ಬೇಡವೆಂದು ಕುಳಿತೆ. ನನಗೆ ನಿಜವಾಗಿಯೂ ಭಯವಾಗಿತ್ತು. ಮಿಷನ್ನಿಗೆ ವಾಪಸ್ಸು ಹೋಗುವುದಕ್ಕಲ್ಲ, ಮಿಷನ್ನು ನನಗೆ ಹಳೆಯ ಗೆಳೆಯ. ಲಲಿತೆಯ ತವರಿಗೆ ಇನ್ನೊಂದು ಕಾಗದ ಬರೆಯಬೇಕಲ್ಲ, ಅದಕ್ಕೆ. ಅವಳು ಅಡುಗೆಮನೆಗೆ ಹೋಗಿ, ಭರಣಿ ಎತ್ತಿ, ಎಣ್ಣೆ ಕುಡಿದ ಮೂರನೆಯ ಹಾಳೆ ತಂದಳು. ಬೆಳಕಿಗೆ ಹಿಡಿದು ಓದಿದಳು: “‘ಕೊಟ್ಟದ್ದು ಶಿಕ್ಷೆಯೋ ಅಲ್ಲವೋ ಎಂದು ತೀರ್ಮಾನಿಸುವವನು ಕೊಟ್ಟವನಲ್ಲ. ಆ ನಡತೆ ಕಡಿಮೆಯಾದರೆ ಮಾತ್ರ ಅದು ಶಿಕ್ಷೆ. ಹೆಚ್ಚಾದರೆ ಅದು ಬಹುಮಾನ.’ ಅಷ್ಟೇ ಕಣ್ರೀ. ನೀವು ಒಂದೂವರೆ ತಿಂಗಳಿಂದ ಅವರಿಗೆ ಬಹುಮಾನ ಕೊಡ್ತಾ ಇದ್ದೀರಿ!”

ನಾನು ಹೋಳಿಗೆಯನ್ನು ಮನಸ್ಸಿನಲ್ಲೇ ಶಪಿಸಿದೆ.

“ಅದಿರ್ಲಿ, ಅವರು ಯಾಕೆ ಲೇಟಾಗಿ ಬರ್ತಾರೆ?” ಎಂದಳು.

“ಯಾಕೆ ಅಂದ್ರೆ? ಸೋಮಾರಿತನ!”

“ಕೇಳಿದ್ರಾ?”

ಕೇಳಿದ್ದೆ. ಉತ್ತರ ಕೇಳಿಸಿಕೊಂಡಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಆರೂವರೆಗೆ ಗಂಗಹನುಮಯ್ಯನ ಮನೆಗೆ ಹೋದೆ. ಇನ್ನೂ ಹಾಸಿಗೆಯಲ್ಲಿ ಹಿಡಿಯುತ್ತೇನೆ ಎಂದುಕೊಂಡಿದ್ದೆ. ನೋಡಿದರೆ, ಸ್ನಾನವಾಗಿ, ಖಾಕಿ ತೊಟ್ಟು, ವಿಭೂತಿ ಇಟ್ಟು, ಬುತ್ತಿ ಕಟ್ಟಿಕೊಂಡು ಆರು ಜನರೂ ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದಾರೆ! ನನಗೂ ಜಾಗ ಮಾಡಿ, ಕಾಫಿ ಕೊಟ್ಟರು. ಆರೂ ಮುಕ್ಕಾಲಾಯಿತು. ಯಾರೂ ಏಳಲಿಲ್ಲ. ಆರೂ ಐವತ್ತೈದಾಯಿತು. ಯಾರೂ ಏಳಲಿಲ್ಲ.

“ಯಾಕಪ್ಪಾ ಕೂತಿದ್ದೀರಾ?” ಎಂದು ಮೆಲ್ಲಗೆ ಕೇಳಿದೆ.

“ಇನ್ನೂ ಕೂಗಿಲ್ವಲ್ಲ ಸಾ” ಎಂದ ಗಂಗಹನುಮಯ್ಯ.

ಏಳಕ್ಕೆ ಸೈರನ್ನು ಕೂಗಿತು. ಆರು ಜನರೂ ಒಟ್ಟಿಗೆ ಎದ್ದು ಸರಸರನೆ ಹೊರಟರು. ನಾನೂ ಅವರ ಹಿಂದೆ ಓಡಿದೆ. ಕಾರ್ಖಾನೆ ಮನೆಯ ಹಿಂದೆಯೇ, ಆದರೆ ಗೇಟು ಇರುವುದು ಆ ಕಡೆ. ಇಡೀ ಗೋಡೆ ಸುತ್ತಿ ಗೇಟು ಮುಟ್ಟುವ ಹೊತ್ತಿಗೆ ಸರಿಯಾಗಿ ಹತ್ತು ನಿಮಿಷ.

“ಕೂಗೋಕೆ ಮೊದ್ಲೇ ಹೊರಡಬಾರದಾ?” ಎಂದು ಏದುಸಿರು ಬಿಡುತ್ತಾ ಕೇಳಿದೆ.

“ಕರೀದೆ ಎಂಗ್ ಬರಾದು ಸಾ? ನಮ್ ಕಡೆ ಊಟಕ್ಕೂ ಅಂಗೆಯ, ಕೆಲ್ಸಕ್ಕೂ ಅಂಗೆಯ. ಕರುದ್ರೆ ಓಗ್ಬೇಕು” ಎಂದ. “ಮೊದ್ಲೆಲ್ಲ ಎಲ್ಡು ಕೂಗು ಇತ್ತು. ಮೊದುಲ್ ಕೂಗಿಗೆ ಒಂಟ್ರೆ ಎಲ್ಡ್ನೇ ಕೂಗಿಗೆ ಮಿಸನ್ ಮುಂದಿರ್ತಿದ್ವಿ. ಯಾರೋ ಪುಣ್ಯಾತ್ಮ ಮೊದುಲ್ ಕೂಗ್ನ ನಿಲ್ಸ್ಬುಟ್ಟ.”

ಆ ಪುಣ್ಯಾತ್ಮ ನಡುರಸ್ತೆಯಲ್ಲೇ ನಿಂತುಬಿಟ್ಟ. ಆಯುಧಪೂಜೆ, ಬೂದುಗುಂಬಳಕಾಯಿ, ಚಪ್ಪಾಳೆ, ಎಲ್ಲವೂ ಕಣ್ಣ ಮುಂದೆ ಬಂದವು. ಅವರಿಗೆ ಬೇಕಾದದ್ದನ್ನು ಕಿತ್ತುಕೊಂಡವನು ನಾನು, ಅದಕ್ಕೆ ಬಹುಮಾನ ಪಡೆದವನೂ ನಾನು! ಮ್ಯಾನೇಜರ್ ಸಾಹೇಬರ ಬಳಿ ಹೋಗಿ ‘ನನ್ನ ಸಲಹೆ ದಡ್ಡ ಸಲಹೆ’ ಎಂದು ಒಪ್ಪಿಕೊಂಡರೆ ಮುಗಿಯುತ್ತಿತ್ತು. ಆದರೆ ಅಷ್ಟು ಧೈರ್ಯವಿದ್ದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಗಂಗಹನುಮಯ್ಯನಿಗೂ ಆ ಪುಣ್ಯಾತ್ಮ ಯಾರೆಂದು ಹೇಳಲಿಲ್ಲ. ಮನೆಗೆ ಹೋಗಿ ಗಡಿಯಾರ ಇಳಿಸಿದೆ.

“ಇದೇನ್ರೀ, ಬಹುಮಾನ!” ಎಂದಳು ಲಲಿತ.

“ಅಲ್ಲ, ದಂಡ” ಎಂದೆ.

ಗಡಿಯಾರ ಗಂಗಹನುಮಯ್ಯನ ಜಗಲಿಯ ಗೋಡೆಯ ಮೇಲೆ ನಿಂತಿತು. ಆರೂ ಮುಕ್ಕಾಲಿಗೆ ದೊಡ್ಡ ಮುಳ್ಳು ಎಲ್ಲಿರುತ್ತದೆಯೋ ಅಲ್ಲಿ ಅವನ ತಾಯಿ ಕುಂಕುಮದ ಬೊಟ್ಟಿಟ್ಟಳು. ಮುಳ್ಳು ಕುಂಕುಮ ಮುಟ್ಟಿದರೆ ಮುದುಕಿ ಒಳಗಿನಿಂದ ಕೂಗುತ್ತಿದ್ದಳು: “ಕರೀತದೆ, ಎದ್ದೇಳ್ರೋ!” ಆರು ಜನರೂ ಐದು ನಿಮಿಷ ಮೊದಲೇ ಗೇಟಿನೊಳಗೆ! ಇನ್ನು ಪಾತಿಯ ಆಸೆಗೆ ಲೇಟಾಗುತ್ತಿದ್ದ ಹದಿಮೂರು ಜನ. ಅದಕ್ಕೂ ಗಂಗಹನುಮಯ್ಯನೇ ದಾರಿ ಹೇಳಿದ. “ಬ್ಯಾಗ ಬಂದೋರ್ಗೆ ಮಾತ್ರ ಪಾತಿ ಕೊಡಿ ಸಾ, ಏಳಕ್ಕೆ ಮುಂಚೆ ಅಗ್ದು ಓಗ್ಲಿ.” ಎರಡು ದಿನದ ತರಬೇತಿ, ಪಾರಿವಾಳ, ಹೋಳಿಗೆ ಯಾವುದೂ ಇಲ್ಲದೆ ಅವನಿಗೆ ಇದು ಹೊಳೆದದ್ದು ನೋಡಿ ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಆದರೆ ಬೋರ್ಡು ಖಾಲಿಯಾಯಿತು. ಒಂಬತ್ತು ದಿನ ಒಂದು ಹೆಸರೂ ಇಲ್ಲ.

ಹತ್ತನೆಯ ದಿನ, ಪ್ರೊಬೇಷನ್ನಿನ ಕೊನೆಯ ದಿನ, ಮ್ಯಾನೇಜರ್ ಸಾಹೇಬರು ಗೇಟಿನಲ್ಲಿ ನಿಲ್ಲುವ ದಿನ. ನಾನು ಬೆಳಗ್ಗೆ ಎದ್ದು ಕೈಗಡಿಯಾರ ನೋಡಿದೆ. ಐದೂ ಐವತ್ತು. ಬೇಕಾದಷ್ಟು ಹೊತ್ತಿದೆ ಎಂದು ನಿಧಾನವಾಗಿ ಹಲ್ಲುಜ್ಜಿದೆ, ಗಡ್ಡ ಹೆರೆದೆ. ಮತ್ತೆ ನೋಡಿದೆ. ಐದೂ ಐವತ್ತು. ಆಹಾ, ಈ ದಿನ ಎಷ್ಟು ಚುರುಕಾಗಿದ್ದೇನೆ! ತಲೆಗೆ ಎರಡನೆಯ ಚೆಂಬು ನೀರು ಹೊಯ್ದುಕೊಳ್ಳುವಾಗ ದೂರದಲ್ಲಿ ಸೈರನ್ನು ಕೇಳಿಸಿತು. ಯಾವುದೋ ದಂಡ ಕಾರ್ಖಾನೆ, ಐದೂ ಐವತ್ತಕ್ಕೇ ಕೂಗುತ್ತಿದೆ ಎಂದು ನಕ್ಕೆ.

“ಅಲ್ಲಾರೀ, ಬಿಸಿಲು ಒಲೆ ಹತ್ರ ಬಂತು, ಇನ್ನೂ ಸ್ನಾನಾನಾ?” ಎಂದು ಲಲಿತ ಬಾಗಿಲು ಬಡಿದಳು.

ನನ್ನ ಕೈಗಡಿಯಾರ ದಿನಾ ಕೀ ಕೊಡಬೇಕಾದದ್ದು. ಗೋಡೆ ಗಡಿಯಾರ ರಾತ್ರಿ ಎಂಟು ಬಡಿದಾಗ ಕೀ ಕೊಡುವುದು ನನ್ನ ಅಭ್ಯಾಸ. ಗೋಡೆ ಗಡಿಯಾರ ಹೋದ ಮೇಲೂ ಒಂಬತ್ತು ದಿನ ಹೇಗೋ ನೆನಪಿತ್ತು!

ಒದ್ದೆ ತಲೆಯಲ್ಲೇ ಓಡಿದೆ. ಆರೂ ಮುಕ್ಕಾಲರ ಆ ಹಳೆಯ ಸೈರನ್ನು ಇದ್ದಿದ್ದರೆ ಎಂದು ದಾರಿಯುದ್ದಕ್ಕೂ ಹಂಬಲಿಸಿದೆ. ಗೇಟು ಮುಟ್ಟಿದಾಗ ಏಳೂ ಇಪ್ಪತ್ತೈದು. ಮ್ಯಾನೇಜರ್ ಸಾಹೇಬರು ಬೋರ್ಡಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಇಡೀ ಸೆಕ್ಷನ್ನು ಹೊತ್ತಿಗೆ ಮುಂಚೆ ಒಳಗಿತ್ತು.

ನಾನು ಅಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಎರಡು ಸೈರನ್ನು, ಒಂದು ಗಡಿಯಾರ, ಮೂರು ಹೋಳಿಗೆ, ಏನನ್ನೂ ಬಿಡಲಿಲ್ಲ. ಅವರ ಹಿಂದೆ ನಿಂತಿದ್ದ ಗಂಗಹನುಮಯ್ಯ, ಪುಣ್ಯಾತ್ಮ ಯಾರೆಂದು ಆಗ ತಿಳಿದು, ಬಾಯಿ ಮೇಲೆ ಕೈ ಇಟ್ಟುಕೊಂಡ. ಮ್ಯಾನೇಜರ್ ಸಾಹೇಬರು ಖಾಲಿ ಬೋರ್ಡನ್ನೊಮ್ಮೆ, ನನ್ನ ಒದ್ದೆ ತಲೆಯನ್ನೊಮ್ಮೆ ನೋಡಿದರು.

“ವರ್ಕರ್ಸ್ ಒಬ್ಬರೂ ಲೇಟಿಲ್ಲ. ಸೋ, ಕನ್ಫರ್ಮ್ ಮಾಡ್ತೀನಿ” ಎಂದರು. “ನಾಳೆಯಿಂದ ಆರೂ ಮುಕ್ಕಾಲಿನ ಸೈರನ್ ಮತ್ತೆ ಶುರು. ಅವರಿಗಲ್ಲ, ನಿಮಗೆ. ಆದ್ರೆ ರೂಲ್ ಈಸ್ ರೂಲ್. ಬೋರ್ಡು ಬರೀಬೇಕು. ಬರೆಯೋರೇ ಲೇಟಾದ್ರೆ ಯಾರ್ರೀ ಬರೆಯೋದು?” ಎಂದು ಸುಣ್ಣದ ಕಡ್ಡಿಯನ್ನು ಗಂಗಹನುಮಯ್ಯನ ಕೈಗೆ ಕೊಟ್ಟರು.

ನಾಲ್ಕನೇ ಕ್ಲಾಸು ಓದಿದ ಗಂಗಹನುಮಯ್ಯ ಬೋರ್ಡನ್ನು ಒರೆಸಿ, ನಾಲಗೆ ಕಚ್ಚಿಕೊಂಡು, ಲೇತ್ ಮೇಲೆ ಕೆಲಸ ಮಾಡುವಷ್ಟೇ ಎಚ್ಚರದಿಂದ ನನ್ನ ಹೆಸರನ್ನು ದುಂಡಗೆ ಬರೆದ. ಆಮೇಲೆ ತಿರುಗಿ, ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದ:

“ಸಾ, ನಿಮ್ ತಂದೆಯೋರ ಎಸ್ರು? ಜಾಗ ಐತೆ.”

ಹೇಳಿದೆ. ಬರೆದ. ಅಪ್ಪನ ಹೆಸರನ್ನು ಅಷ್ಟು ಚೆಂದದ ಅಕ್ಷರದಲ್ಲಿ ನಾನು ಎಂದೂ ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒದ್ದೆ ತಲೆಯದ್ದೆಂದು ಒರೆಸಿಕೊಂಡೆ.

ಆ ಭಾನುವಾರ ಲಲಿತೆಗೆ ಒಳ್ಳೆಯ ಸೀರೆ ಉಡಿಸಿ, ನಾನೂ ಇಸ್ತ್ರಿ ಅಂಗಿ ತೊಟ್ಟು, ಗೇಟಿಗೆ ಕರೆದುಕೊಂಡು ಹೋದೆ. ವಾಚ್‌ಮನ್ ನನ್ನನ್ನು ನೋಡಿ ಏನೂ ಕೇಳದೆ ಬಾಗಿಲು ತೆಗೆದ. ಲಲಿತ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು.

“ಇದು ಶಿಕ್ಷೆನಾ, ಬಹುಮಾನಾನಾ?” ಎಂದಳು.

“ಸೋಮವಾರ ಗೊತ್ತಾಗತ್ತೆ” ಎಂದೆ.